ಪೌಂಡಿಗೆ ಎಂಬತ್ತೆರಡು ಸೆಂಟು

ರಕ್ತ ಹತ್ತಿದ ಬಟ್ಟೆಗೆ ಪೌಂಡಿಗೆ ಎಂಬತ್ತೆರಡು ಸೆಂಟು. ಹೇಲು ಹತ್ತಿದ್ದಕ್ಕೂ ಅಷ್ಟೇ. ಬರೀ ಬೆವರಿನದಾದರೆ ಅರವತ್ತೊಂದು.

ಟೆನೆಸಿಯ ಬೆಟ್ಟಗಳ ನಡುವಿನ ಬೆಲ್ಚರ್ ಗ್ಯಾಪ್ ಊರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಗೋಡೆಗೆ ಈ ದರಪಟ್ಟಿ ಅಂಟಿಸಿದ್ದರು. ಆಸ್ಪತ್ರೆಯವರು ಗುತ್ತಿಗೆದಾರನಿಗೆ ಕೊಡುವ ದರ ಅದು. ಹಬೆಗೆ ಹಾಳಾಗದಿರಲಿ ಅಂತ ಮೇಲೆ ಪ್ಲಾಸ್ಟಿಕ್ ಹೊದಿಸಿತ್ತು. ಕೆಳಗೆ ಎರಡೂ ಕಡೆಯವರ ಸಹಿ. ಅರ್ಲೀನ್ ಹನ್ನೊಂದು ವರ್ಷದಿಂದ ಆ ಕಾಗದದ ಕೆಳಗೆ ನಿಂತು ದುಡಿಯುತ್ತಿದ್ದಳು.

ಮೇಲಿನ ಮಹಡಿಗಳಿಂದ ತಗಡಿನ ಕೊಳವೆಯೊಳಗೆ ಚೀಲಗಳು ಧೊಪ್ಪನೆ ಬೀಳುತ್ತಿದ್ದವು. ಚೀಲ ಬಿಚ್ಚಬೇಕು. ಕೈಯಲ್ಲೇ ವಿಂಗಡಿಸಬೇಕು. ಎರಡೆರಡು ಕೈಗವಸು ತೊಟ್ಟರೂ ಸೂಜಿ ಚುಚ್ಚುತ್ತಿತ್ತು. ಯಾರದೋ ಹಲ್ಲಿನ ಸೆಟ್ಟು ಸಿಗುತ್ತಿತ್ತು. ಯಾರದೋ ಬೆರಳಿನ ಉಗುರು ಸಿಗುತ್ತಿತ್ತು. ವಿಂಗಡಿಸಿದ್ದನ್ನು ಮತ್ತೆ ಚೀಲಕ್ಕೆ ತುಂಬಿ ತೂಕದ ಯಂತ್ರದ ಮೇಲೆ ಇಡಬೇಕು. ಚೀಟಿಯಲ್ಲಿ ತೂಕ ಬರೆಯಬೇಕು. ಮೇಲ್ವಿಚಾರಕ ರಸ್ಟಿ ಬಂದು ಮುಳ್ಳು ನೋಡಿ, ಚೀಟಿ ನೋಡಿ, ಸಹಿ ಹಾಕಬೇಕು. ಆಮೇಲೇ ಚೀಲ ಒಗೆಯುವ ಯಂತ್ರಕ್ಕೆ. ಒಗೆದು ಬಂದ ಒದ್ದೆ ಶೀಟುಗಳನ್ನು ಎಳೆದು ತೆಗೆಯುವಾಗ ಭುಜದ ಕೀಲು ಕಳಚಿ ಬಂದಂತಾಗುತ್ತಿತ್ತು. ಇಸ್ತ್ರಿ ಉರುಳೆಯ ಸುಟ್ಟ ಗುರುತುಗಳು ಅವಳ ಎರಡೂ ಮುಂಗೈ ಮೇಲೆ ಏಣಿಯ ಹಲ್ಲುಗಳ ಹಾಗೆ ಸಾಲಾಗಿದ್ದವು. ಹನ್ನೊಂದು ವರ್ಷದಲ್ಲಿ ಅವಳ ಕೈ ಒಂದನ್ನು ಕಲಿತಿತ್ತು. ಚೀಲ ಎತ್ತಿದರೆ ಸಾಕು, ತೂಕ ಹೇಳುತ್ತಿತ್ತು. ಮುಳ್ಳು ಸುಳ್ಳು ಹೇಳಿದರೂ ಅವಳ ಕೈ ಹೇಳುತ್ತಿರಲಿಲ್ಲ.

ಅವಳು ಮಾತಿನವಳಲ್ಲ. ಚರ್ಚಿನಲ್ಲಿ ಎಲ್ಲರೂ ಗಟ್ಟಿಯಾಗಿ ಹಾಡುವಾಗಲೂ ತುಟಿ ಮಾತ್ರ ಆಡಿಸುತ್ತಿದ್ದಳು.

ಅವಳ ಗಂಡ ಕ್ಲೋವಿಸ್‌ಗೆ ಅರವತ್ತೆರಡು. ಮರ ಕೊಯ್ಯುವ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು ಎಡಗೈಯ ಎರಡು ಬೆರಳು ಅಲ್ಲೇ ಬಿಟ್ಟು ಬಂದಿದ್ದ. ಮಿಲ್ಲು ಮುಚ್ಚಿತು. ಆಮೇಲೆ ತಿಂಗಳ ಮೊದಲ ಸೋಮವಾರ ಸಂತೆಯಲ್ಲಿ ಮೇಜು ಹಾಕಿ ಹಳೆಯ ಚಾಕು, ಜೀನು, ಬೇಟೆನಾಯಿಯ ಮರಿ ಮಾರುತ್ತಿದ್ದ. ಪ್ರತಿ ಸಾಮಾನಿಗೂ ದಾರ ಕಟ್ಟಿದ ಒಂದೊಂದು ರಟ್ಟಿನ ಚೀಟಿ. ಅದರ ಮೇಲೆ ಬೆಲೆ. ನಾಯಿಮರಿಗಳ ಕೊರಳಿಗೂ ಕಟ್ಟುತ್ತಿದ್ದ. ಬೆಲೆ ಕಟ್ಟದ ಸಾಮಾನು ತನ್ನ ಮೇಜಿನ ಮೇಲೆ ಇಲ್ಲ ಅನ್ನುವುದು ಅವನ ಜಂಬ. ಇದ್ದ ಒಂದೇ ಜಂಬ ಅದು.

ಆ ಚಳಿಗಾಲ ಅವನು ಕೊಟ್ಟಿಗೆಗೂ ಮನೆಗೂ ನಡುವೆ ನಿಲ್ಲತೊಡಗಿದ. ಬೇಲಿಯ ಕಂಬ ಹಿಡಿದು ನಿಲ್ಲುತ್ತಿದ್ದ. ಏನಾಯ್ತು ಅಂದರೆ, "ನಾಯಿ ಎಲ್ಲಿ ಹೋಯ್ತು ಅಂತ ನೋಡ್ತಿದ್ದೆ," ಅನ್ನುತ್ತಿದ್ದ. ನಾಯಿ ಅವನ ಕಾಲ ಬಳಿಯೇ ಕೂತಿರುತ್ತಿತ್ತು.

ಚರ್ಚಿನವರು ತಿಂಗಳಿಗೊಮ್ಮೆ ನಡೆಸುವ ಬಿಟ್ಟಿ ದವಾಖಾನೆಯಲ್ಲಿ ಒಬ್ಬಳು ಮುದುಕಿ ನರ್ಸು ಅವನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. "ಹೃದಯದ ನಾಳಕ್ಕೆ ನಳಿಗೆ ಬಿಟ್ಟು ನೋಡ್ಬೇಕು ಬ್ರದರ್ ಕ್ಲೋವಿಸ್. ತಡ ಮಾಡ್ಬೇಡಿ," ಅಂದಳು.

"ಎಷ್ಟಾಗತ್ತೆ?"

"ಅದು ನಂಗೊತ್ತಿಲ್ಲ. ಆಸ್ಪತ್ರೆಯವ್ರನ್ನ ಕೇಳ್ಬೇಕು."

ಮನೆಯ ಮುಂದೆ ಟ್ರಕ್ ನಿಲ್ಲಿಸಿ ಕ್ಲೋವಿಸ್ ಹೇಳಿದ. "ನೀನು ಅಲ್ಲೇ ಕೆಲಸ ಮಾಡ್ತೀಯಲ್ಲ. ನಂಬರ್ ತಗೊಂಡ್ ಬಾ. ನಂಬರ್ ಕೈಗೆ ಬಂದ ದಿನ ಬರ್ತೀನಿ. ಹೊಲ ಮಾರ್ಬೇಕಾದ್ರೆ ಮಾರೋಣ. ಆದ್ರೆ ಎಷ್ಟು ಅಂತ ಗೊತ್ತಾಗ್ಬೇಕು."

ಅವನ ಅಣ್ಣ ವರ್ಲನ್ ಅದೇ ಆಸ್ಪತ್ರೆಯಲ್ಲಿ ಕೇಳದೆ ಸಹಿ ಹಾಕಿ ಒಳಗೆ ಹೋಗಿದ್ದ. ಅವನು ಹೊರಗೆ ಬರುವಷ್ಟರಲ್ಲಿ ಅವನ ಹನ್ನೆರಡು ಎಕರೆ ಕೈಬಿಟ್ಟಿತ್ತು. ಈಗ ಅವನು ಮಗಳ ಮನೆಯ ಹಿಂದೆ ಗಾಲಿಮನೆಯಲ್ಲಿ ಇದ್ದ.

ಅರ್ಲೀನ್ ಊಟದ ಬಿಡುವಿನಲ್ಲಿ ಮೇಲೆ ಹೋದಳು. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಕೇಲಾ ಅವಳ ಚರ್ಚಿನವಳೇ.

"ಮಿಸ್ ಅರ್ಲೀನ್, ಚಿಕಿತ್ಸೆಯ ಕೋಡ್ ನಂಬರ್ ಇದ್ಯಾ? ಅದಿಲ್ದೆ ಬೆಲೆ ಹೇಳೋಕಾಗಲ್ಲ."

"ಯಾವ ಕೋಡು?"

"ಡಾಕ್ಟ್ರು ಕೊಡ್ತಾರೆ."

ಡಾಕ್ಟರ ಕೋಣೆಯ ಹೊರಗಿದ್ದವಳು ಹೇಳಿದಳು: "ರೋಗಿ ದಾಖಲಾದ ಮೇಲೆ ಕೋಡ್ ಕೊಡ್ತೀವಿ."

"ದಾಖಲಾಗೋಕೆ?"

"ಕೆಳಗೆ ಸಹಿ ಹಾಕ್ಬೇಕು."

ಕೆಳಗೆ ಬಂದಳು. ಕೇಲಾ ಕಾಗದ ತಿರುಗಿಸಿ ತೋರಿಸಿದಳು. ಚಿಕಿತ್ಸೆಗೆ ತಗಲುವ ಎಲ್ಲ ವೆಚ್ಚವನ್ನೂ, ಅದು ಎಷ್ಟೇ ಇರಲಿ, ಭರಿಸಲು ಒಪ್ಪಿದ್ದೇನೆ. ಅಷ್ಟು ಬರೆದು, ಕೆಳಗೆ ಗೆರೆ.

"ಎಷ್ಟು ಅಂತ ಇಲ್ವಲ್ಲಮ್ಮ."

"ಯಾವುದ್ರಲ್ಲೂ ಇರಲ್ಲ ಮಿಸ್ ಅರ್ಲೀನ್," ಅಂದಳು ಕೇಲಾ. ಅವಳ ಉಗುರಿಗೆ ಹೊಸ ಬಣ್ಣ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು.

ನೆಲಮಾಳಿಗೆಗೆ ಬಂದಾಗ ಜೊತೆಗೆ ಕೆಲಸ ಮಾಡುವ ಟ್ವೈಲಾ ಕೇಳಿದಳು. "ಸಿಕ್ತಾ?"

"ಇಲ್ಲ."

"ನಂಗೆ ಕಳೆದ ವರ್ಷ ಪಿತ್ತಕೋಶ ತೆಗೆದ್ರಲ್ಲ. ಎಷ್ಟು ಅಂತ ಕೇಳ್ದೆ. ಮೊದ್ಲು ಹೊಟ್ಟೆ ತೆರೀತೀವಿ, ಆಮೇಲೆ ಹೇಳ್ತೀವಿ ಅಂದ್ರು. ಬಾಯಿ ತೆರೆಯೋಕೆ ಅವ್ರಿಗೆ ಆಪರೇಷನ್ನೇ ಬೇಕು ಕಣೇ."

ಆ ವಾರವೇ ಮೇವಿನ ಅಂಗಡಿಯ ಬಾಗಿಲಲ್ಲಿ ಅರ್ಲೀನ್ ಒಂದು ಕಾಗದ ನೋಡಿದಳು. ಜಾಗೃತ ಪ್ರಜೆಗಳ ಪಾಠಶಾಲೆ. ಪ್ರತಿ ಮಂಗಳವಾರ ಸಂಜೆ, ಬ್ಯಾಪ್ಟಿಸ್ಟ್ ಚರ್ಚಿನ ಹಿಂದಿನ ಹಾಲು. ಈ ಸಲದ ವಿಷಯ: ಆಸ್ಪತ್ರೆಯ ಬೆಲೆ ತಿಳಿಯುವುದು ನಿಮ್ಮ ಹಕ್ಕು. ಕಾಫಿ ಇರುತ್ತದೆ.

ಪಾಠ ಹೇಳುವವರು ಹಾಲ್ಬರ್ಟ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಪೌರನೀತಿ ಹೇಳಿ ನಿವೃತ್ತರಾದವರು. ಅರ್ಲೀನ್‌ಗೂ ಹೇಳಿಕೊಟ್ಟವರು.

"ಮೂರನೇ ಬೆಂಚು," ಅಂದರು ಅವಳನ್ನು ಕಂಡ ಕೂಡಲೇ. "ವರ್ಷಪೂರ್ತಿ ಬಾಯಿ ಬಿಡಲಿಲ್ಲ ನೀನು. ಬಾ, ಕೂತ್ಕೋ."

ಒಂಬತ್ತು ಜನ ಇದ್ದರು. ಎಲ್ಲರೂ ಎದ್ದು ಎದೆಯ ಮೇಲೆ ಕೈ ಇಟ್ಟು ಬಾವುಟಕ್ಕೆ ನಿಷ್ಠೆ ಹೇಳಿದರು. ಪ್ರಾರ್ಥನೆ ಆಯಿತು. ಎಲ್ಲರಿಗೂ ಅಂಗೈ ಅಗಲದ ಸಂವಿಧಾನದ ಪುಸ್ತಕ ಕೊಟ್ಟರು. ಮೇಷ್ಟ್ರು ಚೀಲದಿಂದ ಒಂದು ಹುರುಳಿಕಾಯಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅದರ ಬೆಲೆಯ ಚೀಟಿ ಕಿತ್ತಿದ್ದರು.

"ಇದನ್ನ ಯಾರಾದ್ರೂ ಒಯ್ತೀರಾ? ಮನೆಗೆ ಹೋಗಿ ತಿಂದ ಮೇಲೆ ಬೆಲೆ ಹೇಳ್ತೀನಿ."

ಎಲ್ಲರೂ ನಕ್ಕರು.

"ನಗ್ತೀರಿ. ಆಸ್ಪತ್ರೆಯಲ್ಲಿ ದಿನಾ ತಿಂತಿದೀರಿ. ನಾವು ಬಿಟ್ಟಿ ಕೇಳ್ತಾ ಇಲ್ಲ. ಸರ್ಕಾರ ನಮ್ಮನ್ನ ಎತ್ತಿ ಆಡಿಸ್ಲಿ ಅಂತಾನೂ ಕೇಳ್ತಾ ಇಲ್ಲ. ದುಡಿದು ತಿನ್ನೋ ಜನ ನಾವು. ಬೆಲೆ ಹೇಳಿ, ಕೊಡ್ತೀವಿ ಅಂತಿದೀವಿ. ಅಷ್ಟೇ. ಬೆಲೆ ಮುಚ್ಚಿಟ್ಟು ಮಾರೋದು ವ್ಯಾಪಾರ ಅಲ್ಲ. ಬೆಲೆ ತೋರಿಸ್ಬೇಕು ಅಂತ ಕಾನೂನೇ ಇದೆ. ಕೇಳೋ ಪ್ರಜೆ ಇಲ್ಲ."

ನಾವು ಬಿಟ್ಟಿ ಕೇಳ್ತಾ ಇಲ್ಲ. ಅರ್ಲೀನ್ ಆ ಮಾತನ್ನು ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡಳು. ತನ್ನ ಗಂಟಲಲ್ಲಿ ಇದ್ದದ್ದು ಅದೇ ಅನಿಸಿತು. ಯಾರೋ ಅದನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದ ಹಾಗೆ ಆಯಿತು.

ಮುಂದಿನ ಮಂಗಳವಾರ ಮೇಷ್ಟ್ರು ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಆಸ್ಪತ್ರೆಯ ಬೆಲೆಪಟ್ಟಿ ಬಿಟ್ಟರು. ಕಾನೂನಿನ ಪ್ರಕಾರ ಆಸ್ಪತ್ರೆಯವರು ಕಂಪ್ಯೂಟರಿನಲ್ಲಿ ಹಾಕಿಟ್ಟಿದ್ದರು. ನಲವತ್ತು ಸಾವಿರ ಸಾಲು. ಎರಡು ತಾಸು ಹುಡುಕಿ ಹೃದಯಕ್ಕೆ ನಳಿಗೆ ಬಿಡುವ ಸಾಲು ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಡ್ಡಕ್ಕೆ ಮೂವತ್ತೊಂದು ವಿಮೆ ಕಂಪನಿಗಳ ಹೆಸರು. ಮೂವತ್ತೊಂದು ಬೇರೆ ಬೇರೆ ಬೆಲೆ. ಕೊನೆಯಲ್ಲಿ ವಿಮೆ ಇಲ್ಲದವರ ಕಾಲಂ. ಅರ್ಲೀನ್ ಎದ್ದು ಗೋಡೆಯ ಹತ್ತಿರ ಹೋಗಿ ನೋಡಿದಳು. ಅದರಲ್ಲಿ 'ಅನ್ವಯಿಸುವುದಿಲ್ಲ' ಅಂತ ಇತ್ತು.

ಅವಳಿಗೆ ವಿಮೆ ಇರಲಿಲ್ಲ. ಗುತ್ತಿಗೆದಾರ ವಾರಕ್ಕೆ ಇಪ್ಪತ್ತೆಂಟು ತಾಸು ಕೆಲಸ ಕೊಡುತ್ತಿದ್ದ. ಹೆಚ್ಚು ಕೊಟ್ಟರೆ ವಿಮೆ ಮಾಡಿಸಬೇಕಾಗುತ್ತಿತ್ತು. ಕ್ಲೋವಿಸ್‌ಗೆ ಸರ್ಕಾರದ ಮುದುಕರ ವಿಮೆ ಸಿಗಲು ಇನ್ನೂ ಮೂರು ವರ್ಷ.

"ಹಾಗಾದ್ರೆ ಕೇಳಲೇಬೇಕು," ಅಂದರು ಮೇಷ್ಟ್ರು. "ತಿಂಗಳ ಕೊನೇ ಗುರುವಾರ ಆಸ್ಪತ್ರೆ ಮಂಡಳಿ ಸೇರುತ್ತೆ. ಯಾವ ಪ್ರಜೆ ಬೇಕಾದ್ರೂ ಎದ್ದು ಮೂರು ನಿಮಿಷ ಮಾತಾಡ್ಬಹುದು. ಯಾರೂ ತಡೆಯೋ ಹಾಗಿಲ್ಲ. ಅರ್ಲೀನ್ ಮಾತಾಡ್ಲಿ."

ಅವಳಿಗೆ ಒಂದು ಪುಟ್ಟ ಬಿಳಿ ಗಡಿಯಾರ ಕೊಟ್ಟರು. ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುವಾಗ ತಿರುಗಿಸಿ ಇಡುತ್ತಾರಲ್ಲ, ಅದು. ಮೂರಕ್ಕೆ ತಿರುಗಿಸಿದರೆ ಟಿಕ್‌ಟಿಕ್ ಅಂದು ಕೊನೆಗೆ ಗಂಟೆ ಬಾರಿಸುತ್ತಿತ್ತು. ಶಾಲೆಯವರೆಲ್ಲ ಹೀಗೇ ಅಭ್ಯಾಸ ಮಾಡುತ್ತಿದ್ದರು. ಮೊದಲ ಸಲ ಎದ್ದು ನಿಂತಾಗ ಅರ್ಲೀನ್‌ಳ ದನಿ ನಲವತ್ತು ಸೆಕೆಂಡಿಗೆ ಸತ್ತುಹೋಯಿತು. ಎರಡನೆಯ ಸಲವೂ ನಲವತ್ತು.

"ನನ್ನ ಮುಖ ನೋಡ್ಬೇಡ. ಟೈ ನೋಡು," ಅಂದರು ಮೇಷ್ಟ್ರು.

ಅವಳು ಒಗೆಯುವ ಯಂತ್ರದ ಮುಂದೆ ಅಭ್ಯಾಸ ಮಾಡಿದಳು. ಅದರ ಗುಂಡು ಬಾಗಿಲು ಮುಖದ ಹಾಗಿತ್ತು. "ಮಾನ್ಯ ಅಧ್ಯಕ್ಷರೇ," ಅನ್ನುತ್ತಿದ್ದಳು. ಒಳಗೆ ಹೊಲಸು ನೀರು ತಿರುಗುತ್ತಿತ್ತು.

"ಅಧ್ಯಕ್ಷರ ಹೊಟ್ಟೆ ಹಂಗೇ ಇದೆ ಬಿಡು," ಅಂದಳು ಟ್ವೈಲಾ. "ಜೋರಾಗಿ ಹೇಳೇ. ಸೋಪಿನ ಪೌಡರ್ ಹಾಕಿಲ್ಲ ಅಂದ್ಕೊಂಡಾನು."

ಮನೆಯಲ್ಲಿ ಕ್ಲೋವಿಸ್ ವರಾಂಡದ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ. ಮಡಿಲಲ್ಲಿ ನಾಯಿಯ ತಲೆ. "ದಯವಿಟ್ಟು ಅಂತ ಎರಡು ಸಲ ಬಂತು. ಒಂದು ತೆಗಿ," ಅನ್ನುತ್ತಿದ್ದ. ಇನ್ನೊಂದು ದಿನ, "ಅದನ್ನೂ ತೆಗಿ," ಅಂದ. ಕೊನೆಗೆ ಮಾತು ಎರಡು ನಿಮಿಷ ಐವತ್ತು ಸೆಕೆಂಡಿಗೆ ನಿಂತಿತು. ಅವಳು ಅದನ್ನು ಚೊಕ್ಕವಾಗಿ ಬರೆದುಕೊಂಡಳು. ಕಾಗದದ ಕೊನೆಯಲ್ಲಿ 'ಬೆಲೆ' ಅಂತ ಬರೆದು, ಮುಂದೆ ಒಂದು ಗೆರೆ ಎಳೆದು ಬಿಟ್ಟಳು. ಅವರು ಹೇಳಿದ ಕೂಡಲೇ ಬರೆದುಕೊಳ್ಳಬೇಕಲ್ಲ. ಒಂದು ಪೆನ್ಸಿಲ್ ಹೆರೆದು ಇಟ್ಟುಕೊಂಡಳು.

ಗುರುವಾರ ಐದು ಗಂಟೆಗೆ ಎರಡನೆಯ ಮಹಡಿಯಲ್ಲಿ ಸಭೆ. ಉದ್ದ ಮೇಜಿನ ಹಿಂದೆ ಆರು ಜನ. ನಡುವೆ ಅಧ್ಯಕ್ಷ ಪೆಂಡರ್‌ಗ್ರಾಸ್. ಅರ್ಲೀನ್ ಒಂದು ಸಾದಾ ಬೂದು ಉಡುಪು ತೊಟ್ಟಿದ್ದಳು. ಕೈಯ ಸುಟ್ಟ ಗುರುತು ಕಾಣದಿರಲಿ ಅಂತ ತೋಳು ಉದ್ದದ್ದು. ಶಾಲೆಯವರು ಒಂಬತ್ತೂ ಜನ ಹಿಂದೆ ಕೂತಿದ್ದರು.

ಅವಳು ಅಧ್ಯಕ್ಷರ ಟೈ ನೋಡಿದಳು. ಮಾತಾಡಿದಳು. ನಲವತ್ತು ಸೆಕೆಂಡು ದಾಟಿತು. ಒಂದು ನಿಮಿಷ ದಾಟಿತು. ತನ್ನ ದನಿ ಕೋಣೆಯ ಆ ಗೋಡೆಗೆ ತಾಗಿ ವಾಪಸು ಬರುವುದು ಅವಳಿಗೆ ಕೇಳಿಸಿತು. "ನಾವು ಬಿಟ್ಟಿ ಕೇಳ್ತಾ ಇಲ್ಲ," ಅಂದಳು. "ಕೆಳಗೆ ನಿಮ್ಮ ಶೀಟು ಒಗೆಯೋಕೆ ಎಷ್ಟು ಅಂತ ಗೋಡೆ ಮೇಲಿದೆ. ಆ ಶೀಟಿನ ಮೇಲೆ ನನ್ನ ಗಂಡ ಮಲಗಬೇಕು. ಮಲಗೋಕೆ ಎಷ್ಟು? ಅಷ್ಟು ಹೇಳಿ."

ಮುಗಿಯಿತು. ಇನ್ನೂ ಹತ್ತು ಸೆಕೆಂಡು ಇತ್ತು. ಅವಳು ಕಾಗದ ಬಿಡಿಸಿಟ್ಟು, ಗೆರೆಯ ಮೇಲೆ ಪೆನ್ಸಿಲ್ ಊರಿ, ಕಾದಳು.

"ಥ್ಯಾಂಕ್ಯೂ ಮೇಡಂ," ಅಂದ ಪೆಂಡರ್‌ಗ್ರಾಸ್. "ಮುಂದಿನವರು."

ಅವಳು ಕದಲಲಿಲ್ಲ. ಅವನು ಲೆಕ್ಕ ನೋಡಿ ಹೇಳಬಹುದು ಅಂದುಕೊಂಡಳು.

"ಮೇಡಂ, ನಿಮ್ಮದಾಯ್ತು."

"ಎಷ್ಟು ಅಂತ ನೀವು ಹೇಳಲಿಲ್ಲ ಸರ್."

ಮೇಜಿನ ಕೊನೆಯಲ್ಲಿದ್ದ ಹೆಂಗಸು ತುಟಿಗೆ ಬೆರಳು ಇಟ್ಟು ನಗು ತಡೆದಳು. ಪೆಂಡರ್‌ಗ್ರಾಸ್ ಮೆತ್ತಗೆ ಹೇಳಿದ. ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳುವ ಹಾಗೆ. "ಪ್ರಜೆಗಳು ಹೇಳಿದ್ದನ್ನ ಮಂಡಳಿ ಕೇಳಿಸ್ಕೊಳ್ಳುತ್ತಮ್ಮ. ಉತ್ತರ ಕೊಡೋದಿಲ್ಲ. ನಿಯಮ ಅದು. ಬಾಗಿಲಲ್ಲಿ ಕೊಟ್ಟ ಸಭೆಯ ಹಾಳೆಯ ಹಿಂದೆ ಬರೆದಿದೆ ನೋಡಿ."

ಅವಳು ಹಾಳೆ ತಿರುಗಿಸಿದಳು. ಬರೆದಿತ್ತು. ಕಾವಲುಗಾರ ಬಂದು ಅವಳ ಮೊಣಕೈ ಮುಟ್ಟಿದ. ಅವಳು ಹಿಂದೆ ತಿರುಗಿ ಹಾಲ್ಬರ್ಟ್ ಮೇಷ್ಟ್ರನ್ನು ನೋಡಿದಳು. ಅವರು ಪುಟ್ಟ ಪುಸ್ತಕದಲ್ಲಿ ಏನೋ ಹುಡುಕುತ್ತಿದ್ದರು. ಶಾಲೆಯವರು ಚಪ್ಪಾಳೆ ತಟ್ಟಿದರು.

ಹೊರಗೆ ಮೇಷ್ಟ್ರು ಅವಳ ಕೈ ಕುಲುಕಿದರು. "ಎಷ್ಟು ಚೆನ್ನಾಗಿ ಮಾತಾಡ್ದೆ. ನಡಾವಳಿಯಲ್ಲಿ ದಾಖಲಾಯ್ತು. ಇನ್ನು ಅದನ್ನ ಯಾರೂ ಅಳಿಸೋಕಾಗಲ್ಲ."

"ಅವ್ರು ಉತ್ತರ ಕೊಡಲ್ಲ ಅಂತ ನಿಮಗೆ ಗೊತ್ತಿತ್ತಾ ಸರ್?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತಿತ್ತು. ಆದ್ರೆ ಕೇಳೋದು ಪ್ರಜೆಯ ಕರ್ತವ್ಯ ಅಲ್ವಾ ಅರ್ಲೀನ್?"

"ನಂಗೆ ಕರ್ತವ್ಯ ಬೇಕಿರಲಿಲ್ಲ ಸರ್. ನಂಬರ್ ಬೇಕಿತ್ತು."

ಮೇಷ್ಟ್ರು ಕೆಟ್ಟವರಲ್ಲ. ಅವರ ಕಣ್ಣು ಒದ್ದೆಯಾಗಿತ್ತು. ಅದರಿಂದ ಅವಳಿಗೆ ಏನೂ ಆಗಬೇಕಾಗಿರಲಿಲ್ಲ.

ಆದರೂ ಮುಂದಿನ ತಿಂಗಳು ಮತ್ತೆ ಹೋದಳು. ಬೇರೆ ದಾರಿ ಇರಲಿಲ್ಲ. ಈ ಸಲ ಕ್ಲೋವಿಸ್ ತಾನೂ ಬರುತ್ತೇನೆ ಅಂದ. ಮದುವೆ ಸಾವಿಗೆ ಹಾಕುವ ಅಂಗಿ ಹಾಕಿದ. ಮೆಟ್ಟಿಲು ಹತ್ತುವಾಗ ಮೂರು ಸಲ ನಿಂತ. ಕೊನೆಯ ಸಾಲಿನಲ್ಲಿ ಕೂತು ಟೋಪಿ ಮಡಿಲಲ್ಲಿ ಇಟ್ಟುಕೊಂಡ. ಅವಳು ಮಾತಾಡಿದಳು. ಪೆನ್ಸಿಲ್ ಊರಿ ಕಾದಳು. ಥ್ಯಾಂಕ್ಯೂ ಮೇಡಂ. ಕಾವಲುಗಾರ ಈ ಸಲ ಬೇಗ ಬಂದ. ಮೊಣಕೈ ಮುಟ್ಟಲಿಲ್ಲ, ಹಿಡಿದ. ಅವಳ ಪೆನ್ಸಿಲ್ ಕೆಳಗೆ ಬಿತ್ತು. ಎಲ್ಲರ ಎದುರು ಅವಳು ಬಗ್ಗಿ, ಕುರ್ಚಿಗಳ ಕಾಲುಗಳ ನಡುವೆ ಕೈ ಆಡಿಸಿ, ಅದನ್ನು ಹುಡುಕಿ ಎತ್ತಿಕೊಂಡಳು.

ಆ ರಾತ್ರಿ ಕ್ಲೋವಿಸ್ ಬೀನ್ಸು, ಜೋಳದ ರೊಟ್ಟಿ ಮುಟ್ಟಲಿಲ್ಲ.

ಬೆಳಿಗ್ಗೆ ಅವಳು ಎದ್ದಾಗ ಅವನು ಅದೇ ಅಂಗಿ ಹಾಕಿಕೊಂಡು ಟ್ರಕ್ಕಿನಲ್ಲಿ ಕೂತಿದ್ದ.

"ನಡಿ."

"ಎಲ್ಲಿಗೆ?"

"ಸಹಿ ಹಾಕೋಕೆ."

"ನಂಬರ್ ಬಂದಿಲ್ಲ."

"ಬರಲ್ಲ ಕಣೇ." ಅವನು ಗಾಜಿನಾಚೆ ನೋಡುತ್ತಿದ್ದ. "ನೀನು ಅಲ್ಲಿ ನೆಲದ ಮೇಲೆ ಪೆನ್ಸಿಲ್ ಹುಡುಕೋದನ್ನ ಇನ್ನೊಂದ್ ಸಲ ನಾನು ನೋಡಲ್ಲ. ಹತ್ತು."

ಕೌಂಟರಿನಲ್ಲಿ ಕೇಲಾ ಕಾಗದ ಕೊಟ್ಟಳು. ಕ್ಲೋವಿಸ್ ಓದಲಿಲ್ಲ. ಮೂರು ಬೆರಳಲ್ಲಿ ಕಾಗದ ಒತ್ತಿ ಹಿಡಿದು ಸಹಿ ಹಾಕಿದ. ಆಮೇಲೆ ಅಂಗಿಯ ಜೇಬಿನಿಂದ ಸಂತೆಯ ಒಂದು ರಟ್ಟಿನ ಚೀಟಿ ತೆಗೆದ. ಖಾಲಿ ಚೀಟಿ. ಅದರ ದಾರವನ್ನು ತನ್ನ ಅಂಗಿಯ ಗುಂಡಿಗೆ ಕಟ್ಟಿಕೊಂಡ.

"ನಿಮಗೆ ಯಾವಾಗ ತೋಚುತ್ತೋ ಆವಾಗ ಬರ್ಕೊಳ್ಳಿ ಮಗಳೇ," ಅಂದ. "ಬೆಲೆ ಇಲ್ಲದ ಸಾಮಾನು ಮೇಜಿನ ಮೇಲೆ ಇಟ್ಟಿದ್ದು ಇದೇ ಮೊದಲು."

ಕೇಲಾ ನಗಬೇಕೋ ಬೇಡವೋ ತಿಳಿಯದೆ ಅರ್ಲೀನ್‌ಳನ್ನು ನೋಡಿದಳು. ಅರ್ಲೀನ್ ನೆಲ ನೋಡಿದಳು.

ಅಂಗಿ ಬಿಚ್ಚಿಸಿದಾಗ ಅವನು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಗಾಲಿ ಮಂಚದಲ್ಲಿ ಮೇಲೆ ಒಯ್ದರು. ಎರಡು ತಾಸು ಆಗುತ್ತದೆ ಅಂದರು. ಹನ್ನೆರಡಕ್ಕೆ ಅವಳ ಪಾಳಿ ಶುರು. ರಜೆ ಹಾಕಿದರೆ ಆ ವಾರದ ತಾಸು ಇನ್ನೊಬ್ಬರಿಗೆ ಹೋಗುತ್ತಿತ್ತು. ಅವಳು ನೆಲಮಾಳಿಗೆಗೆ ಇಳಿದಳು.

ಚೀಲಗಳು ಬೀಳುತ್ತಿದ್ದವು. ಒಂದು. ಇನ್ನೊಂದು. ಅವಳು ಬಿಚ್ಚಿದಳು, ವಿಂಗಡಿಸಿದಳು, ತೂಗಿದಳು, ಬರೆದಳು. ಒಂದೂವರೆಗೆ ಬಿದ್ದ ಚೀಲ ಬಿಚ್ಚಿದಾಗ ಶೀಟಿನ ಒಂದು ಮೂಲೆ ಕೆಂಪಗಿತ್ತು. ಬಿಡಿಸಿದಳು. ಮಡಿಕೆಯೊಳಗೆ ದಾರ ಕಟ್ಟಿದ ಒಂದು ರಟ್ಟಿನ ಚೀಟಿ. ಒಂದು ಬದಿ ರಕ್ತ ಹೀರಿ ಮೆತ್ತಗಾಗಿತ್ತು. ಇನ್ನೊಂದು ಬದಿ ಖಾಲಿ.

ಅವನು ಇದ್ದಾನೋ ಇಲ್ಲವೋ. ಚೀಟಿ ಏನೂ ಹೇಳಲಿಲ್ಲ.

ಅವಳು ಚೀಟಿಯನ್ನು ಜೇಬಿಗೆ ಹಾಕಿಕೊಂಡಳು. ಚೀಲ ಕಟ್ಟಿದಳು. ಎತ್ತಿದಳು. ಹದಿನಾಲ್ಕು ಪೌಂಡು. ಯಂತ್ರದ ಮೇಲಿಟ್ಟಳು. ಮುಳ್ಳು ಹದಿನಾಲ್ಕಕ್ಕೆ ಹೋಗಿ ನಿಂತಿತು.

ರಸ್ಟಿ ಬಂದ. "ತೂಕ ಬರೀ."

ಅವಳು ಏನೂ ಬರೆಯದ ತೂಕದ ಚೀಟಿಯನ್ನು ಅವನ ಮುಂದೆ ಇಟ್ಟಳು. ತನ್ನ ಅಂಗೈಯನ್ನು ಮುಳ್ಳಿನ ಗಾಜಿನ ಮೇಲೆ ಮುಚ್ಚಿಟ್ಟಳು.

"ಸಹಿ ಹಾಕಿ," ಅಂದಳು.

"ತೂಕ ಎಲ್ಲಿ?"

"ಆಮೇಲೆ ತಿಳಿಸ್ತೀವಿ."

"ಏನಾಗಿದೆ ನಿನಗೆ? ಕೈ ತೆಗಿ."

"ಮೊದ್ಲು ಸಹಿ. ಎಷ್ಟೇ ಇರಲಿ ಒಪ್ಪಿದ್ದೇನೆ ಅಂತ ಸಹಿ."

ರಸ್ಟಿ ದನಿ ಏರಿಸಿದ. "ತೂಕ ಬರೀದೆ ಸಹಿ ಹಾಕೋಕೆ ನಂಗೇನು ತಲೆ ಕೆಟ್ಟಿದ್ಯಾ?"

ಆ ಮಾತು ಕೋಣೆಯ ತುಂಬ ಕೇಳಿಸಿತು. ಇಸ್ತ್ರಿ ಉರುಳೆಯ ಬಳಿ ಇದ್ದ ಇಬ್ಬರು ತಲೆ ಎತ್ತಿದರು. ಟ್ವೈಲಾ ಶೀಟು ಹಿಡಿದವಳು ಹಾಗೇ ನಿಂತಳು. ರಸ್ಟಿಗೂ ಕೇಳಿಸಿತು. ಅವನ ಕಿವಿ ಕೆಂಪಾಯಿತು. ಅವನ ಹೆಂಡತಿಯ ಹೆರಿಗೆಯೂ ಇದೇ ಆಸ್ಪತ್ರೆಯಲ್ಲಿ ಆದದ್ದು. ಸಹಿ ಹಾಕಿದ್ದು ಅವನೇ.

"ಅರ್ಲೀನ್," ಅಂದ, ದನಿ ಇಳಿಸಿ. "ಬೇಡ. ನನ್ನ ಮೇಲೂ ಜನ ಇದಾರೆ."

"ಗೊತ್ತು."

"ಕೈ ತೆಗಿ."

"ತೆಗೆಯಲ್ಲ."

ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಆಡಿದ ಅತಿ ಗಟ್ಟಿಯಾದ ಮಾತು ಅದು. ಅಷ್ಟೇನೂ ಗಟ್ಟಿಯಾಗಿ ಇರಲಿಲ್ಲ. ಕೊಳವೆಯಲ್ಲಿ ಚೀಲಗಳು ಬೀಳುತ್ತಲೇ ಇದ್ದವು. ಒಂದರ ಮೇಲೊಂದು. ಯಾರೂ ಬಿಚ್ಚಲಿಲ್ಲ. ರಾಶಿ ಕೊಳವೆಯ ಬಾಯಿಯವರೆಗೆ ಏರಿತು. ಅರ್ಲೀನ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವರಲ್ಲಿ ಯಾರಾದರೂ ತಾವೂ ತೂಕ ಬರೆಯಲ್ಲ ಅಂತ ಪೆನ್ಸಿಲ್ ಕೆಳಗಿಡಲಿ ಅಂತ. ಒಬ್ಬರಾದರೂ.

ರಸ್ಟಿ ಟ್ವೈಲಾಳ ಕಡೆ ತಿರುಗಿದ. "ನೀನು ಬರೀ. ಇಲ್ಲಾಂದ್ರೆ ನಾಳೆಯಿಂದ ನೀನೂ ಬರ್ಬೇಡ."

ಟ್ವೈಲಾಳ ಮನೆಯಲ್ಲಿ ನಾಲ್ಕು ಮೊಮ್ಮಕ್ಕಳು. ಅವರ ತಾಯಿ ಜೈಲಿನಲ್ಲಿ. ಅವಳು ಬಂದಳು. ಒಂದು ತಮಾಷೆ ಹೇಳಲು ಬಾಯಿ ತೆರೆದಳು. ಬರಲಿಲ್ಲ. ಅರ್ಲೀನ್‌ಳ ಕೈಯನ್ನು ಗಾಜಿನ ಮೇಲಿಂದ ಒಂದೊಂದೇ ಬೆರಳು ಎತ್ತಿ ಬಿಡಿಸಿದಳು. ಮೆತ್ತಗೆ, ಮಲಗಿದ ಮಗುವಿನ ಮುಷ್ಟಿ ಬಿಡಿಸುವ ಹಾಗೆ.

"ಬಿಡೇ," ಅಂದಳು. "ಬಿಡು ಮಾರಾಯ್ತಿ."

ಹದಿನಾಲ್ಕು ಅಂತ ಬರೆದಳು. ರಸ್ಟಿ ಸಹಿ ಹಾಕಿದ. ಚೀಲ ಯಂತ್ರದೊಳಕ್ಕೆ ಹೋಯಿತು. ಹನ್ನೊಂದು ಡಾಲರ್ ನಲವತ್ತೆಂಟು ಸೆಂಟು.

"ಮೇಲೆ ಹೋಗಿ ನಿನ್ನ ಗಂಡನ ಹತ್ರ ಕೂತ್ಕೋ," ಅಂದ ರಸ್ಟಿ, ಬೇರೆಲ್ಲೋ ನೋಡುತ್ತ. "ನಾಳೆ ಬರೋದೇನೂ ಬೇಡ."

ಅವನು ಜೀವಂತ ಇದ್ದ. ಮೂರನೆಯ ಮಹಡಿಯ ಕೋಣೆಯಲ್ಲಿ ಹೊಸ ಶೀಟಿನ ಮೇಲೆ ಮಲಗಿದ್ದ. ಔಷಧಿಯ ಮಂಪರು. ಮುಖ ಒದ್ದೆ ಸುಣ್ಣದ ಹಾಗಿತ್ತು. ಬೆವರುತ್ತಿದ್ದ. ಅವಳನ್ನು ಕಂಡು ತುಟಿ ಆಡಿಸಿದ. ಅವಳು ಬಗ್ಗಿದಳು.

"ಹೇಳಿದ್ರಾ?"

"ಇಲ್ಲ."

ಅವನು ಕಣ್ಣು ಮುಚ್ಚಿದ.

ನರ್ಸು ಓಡುತ್ತ ಬಂದಳು. ಚಿಕ್ಕ ವಯಸ್ಸಿನವಳು. "ಮೇಡಂ, ಮೂರು ನಾಳ ಕಟ್ಟಿದೆ. ನಮ್ಮಲ್ಲಿ ಆಗಲ್ಲ. ನಾಕ್ಸ್‌ವಿಲ್‌ಗೆ ಕಳಿಸ್ಬೇಕು, ಈಗ್ಲೇ. ಹೆಲಿಕಾಪ್ಟರ್ ಬರ್ತಾ ಇದೆ. ಇವ್ರ ಕೈಲಿ ಆಗಲ್ಲ, ನೀವು ಸಹಿ ಹಾಕ್ಬೇಕು."

"ಎಷ್ಟಾಗತ್ತೆ?"

"ಹೆಲಿಕಾಪ್ಟರ್ ನಮ್ದಲ್ಲ ಮೇಡಂ. ಬೇರೆ ಕಂಪನಿ."

"ಅವ್ರನ್ನ ಕೇಳಿ."

"ನಂಗೆ ಅದೆಲ್ಲ ಗೊತ್ತಾಗಲ್ಲ ಮೇಡಂ."

ಅರ್ಲೀನ್ ಜೇಬಿನಿಂದ ಬಿಳಿ ಗಡಿಯಾರ ತೆಗೆದಳು. ಮೂರಕ್ಕೆ ತಿರುಗಿಸಿದಳು. ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟಳು.

"ಮೂರು ನಿಮಿಷ ಕೊಡ್ತೀನಿ," ಅಂದಳು. "ಯಾರನ್ನಾದ್ರೂ ಕೇಳ್ಕೊಂಡು ಬನ್ನಿ."

ನರ್ಸು ಗಡಿಯಾರ ನೋಡಿದಳು. ಅರ್ಲೀನ್‌ಳನ್ನು ನೋಡಿದಳು. ಎಲ್ಲಿಗೂ ಹೋಗಲಿಲ್ಲ. ಎಲ್ಲಿಗೆ ಹೋಗಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ. ಟಿಕ್‌ಟಿಕ್ ಟಿಕ್‌ಟಿಕ್. ದೂರದಲ್ಲಿ, ಬೆಟ್ಟದ ಆಚೆ, ರೆಕ್ಕೆಯ ಸದ್ದು ಶುರುವಾಯಿತು. ಕ್ಲೋವಿಸ್‌ನ ಉಸಿರು ಒಂದು ಸಲ ತಪ್ಪಿತು. ಮತ್ತೆ ಬಂತು. ಮತ್ತೆ ತಪ್ಪಿತು.

ನಲವತ್ತು ಸೆಕೆಂಡು ಆಗಿತ್ತು.

ಅರ್ಲೀನ್ ಕಾಗದ ಎಳೆದುಕೊಂಡು ಸಹಿ ಹಾಕಿದಳು. ಜೇಬಿನಲ್ಲಿದ್ದ ಪೆನ್ಸಿಲಿನಲ್ಲೇ ಹಾಕಿದಳು.

"ಪೆನ್ನಲ್ಲಿ ಹಾಕ್ಬೇಕು ಮೇಡಂ," ಅಂದಳು ನರ್ಸು, ಅಳುವ ದನಿಯಲ್ಲಿ.

ಪೆನ್ನಿನಲ್ಲಿ ಹಾಕಿದಳು.

ನಾಲ್ಕು ಜನ ಬಂದು ಕ್ಲೋವಿಸ್‌ನನ್ನು ಗಾಲಿ ಮಂಚಕ್ಕೆ ಎತ್ತಿ ಹಾಕಿಕೊಂಡು ಹೋದರು. ಹೆಲಿಕಾಪ್ಟರಿನಲ್ಲಿ ಜಾಗ ಇಲ್ಲ, ನೀವು ಟ್ರಕ್ಕಿನಲ್ಲಿ ಬನ್ನಿ ಅಂದರು. ತೊಂಬತ್ತು ಮೈಲಿ. ಅವಳು ಬಾಗಿಲವರೆಗೆ ಹೋದಳು. ಹಿಂದೆ ಗಂಟೆ ಬಾರಿಸಿತು. ಖಾಲಿ ಕೋಣೆಯಲ್ಲಿ ಅದು ಬಹಳ ಹೊತ್ತು ಬಾರಿಸಿತು. ಅವಳು ವಾಪಸು ಬಂದು ಅದರ ಬಾಯಿ ಮುಚ್ಚಿಸಿದಳು.

ಹಾಸಿಗೆಯ ಮೇಲಿನ ಶೀಟು ಅವನ ಮೈಯ ಆಕಾರದಲ್ಲಿ ಒದ್ದೆಯಾಗಿತ್ತು. ಟ್ರಕ್ಕಿನ ಬೀಗದ ಕೈ ಹುಡುಕಬೇಕಿತ್ತು. ಹೊರಡಬೇಕಿತ್ತು. ಅವಳ ಕೈ ಕೇಳಲಿಲ್ಲ. ಶೀಟು ಎಳೆಯಿತು. ದಿಂಬಿನ ಚೀಲ, ಕಂಬಳಿ, ಅವನಿಗೆ ತೊಡಿಸಿದ್ದ ಹಿಂದೆ ತೆರೆದ ಅಂಗಿ, ಎಲ್ಲ ಸೇರಿಸಿ ಮಡಿಸಿತು. ಚೀಲಕ್ಕೆ ತುಂಬಿ ಕಟ್ಟಿತು. ರಕ್ತ ಇರಲಿಲ್ಲ. ಬರೀ ಬೆವರು, ಪೌಂಡಿಗೆ ಅರವತ್ತೊಂದು.

ಎತ್ತಿ ನೋಡಿದಳು. ಎಂಟು ಪೌಂಡು.

ನಾಲ್ಕು ಡಾಲರ್ ಎಂಬತ್ತೆಂಟು ಸೆಂಟು.